ಹುನಗುಂದ: ಎರಡು ಹೊಳೆಗಳ ನಡುವಿನ ಒಣಭೂಮಿ

ಒಂದು ತಾಲೂಕಿನ ಬೇಸಾಯವನ್ನು ತಿಳಿಯಬೇಕಾದರೆ ಬೆಳೆಗಳ ಕ್ಷೇತ್ರ, ಗೊಬ್ಬರದ ಬೇಡಿಕೆ, ಇಳುವರಿಯ ಅಂಕಿ ಇವಿಷ್ಟನ್ನು ನೋಡಿದರೆ ಸಾಲದು. ಅಲ್ಲಿ ಜೋಳವನ್ನೇ ಏಕೆ ಬಿತ್ತುತ್ತಾರೆ, ಸಂತೆ ಈ ಊರಿನಲ್ಲಿಯೇ ಏಕೆ ಕೂಡುತ್ತದೆ, ಹೊಳೆ ಪಕ್ಕದಲ್ಲಿದ್ದರೂ ಹೊಲ ಏಕೆ ಒಣಗುತ್ತದೆ ಎಂಬ ಪ್ರಶ್ನೆಗಳಿಗೆ ಅಂಕಿಗಳು ಉತ್ತರ ಕೊಡುವುದಿಲ್ಲ. ಉತ್ತರವು ಆ ಸೀಮೆಯ ಕಲ್ಲು, ಮಣ್ಣು, ಇಳಿಜಾರು ಮತ್ತು ಮಳೆಯಲ್ಲಿ ಇರುತ್ತದೆ. ಇದನ್ನು ಅರಿಯದೆ ಕೊಟ್ಟ ಸಲಹೆ ಒಂದು ಹೊಲಕ್ಕೆ ಹೊಂದಿದರೆ ಪಕ್ಕದ ಹೊಲಕ್ಕೆ ಹೊಂದುವುದಿಲ್ಲ. ಬಾಗಲಕೋಟೆ ಜಿಲ್ಲೆಯ ಹುನಗುಂದವನ್ನು ಉದಾಹರಣೆಯಾಗಿ ತೆಗೆದುಕೊಂಡು ಈ ಮಾತನ್ನು ಇಲ್ಲಿ ವಿವರಿಸಲಾಗಿದೆ. ಬೇರೆ ತಾಲೂಕಿನ ರೈತ ಬಾಂಧವರೂ ವಿಸ್ತರಣಾ ಕಾರ್ಯಕರ್ತರೂ ಇದೇ ಕ್ರಮದಲ್ಲಿ ತಮ್ಮ ಸೀಮೆಯನ್ನು ಪರೀಕ್ಷಿಸಿ ನೋಡಬಹುದು.

ಸ್ಥಾನ

ಹುನಗುಂದವು ಬಾಗಲಕೋಟೆಯಿಂದ ಪೂರ್ವಕ್ಕೆ ಸುಮಾರು 45 ಕಿ.ಮೀ. ದೂರದಲ್ಲಿ, ಸಮುದ್ರ ಮಟ್ಟದಿಂದ ಸುಮಾರು 530 ಮೀಟರ್ ಎತ್ತರದಲ್ಲಿರುವ ಚಿಕ್ಕ ಪಟ್ಟಣ. ಸೊಲ್ಲಾಪುರದಿಂದ ವಿಜಯಪುರದ ಮೇಲೆ ಹೊಸಪೇಟೆಯ ಕಡೆಗೆ ಹೋಗುವ ಹೆದ್ದಾರಿಯೂ ಬೆಳಗಾವಿಯಿಂದ ರಾಯಚೂರಿಗೆ ಹೋಗುವ ರಸ್ತೆಯೂ ಇಲ್ಲಿ ಕೂಡುತ್ತವೆ. 

ತಾಲೂಕಿನ ಉತ್ತರಕ್ಕೆ ಕೃಷ್ಣೆ ಹರಿಯುತ್ತಾಳೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ಮಗ್ಗುಲಲ್ಲಿ ಹಾಯ್ದು ಬಂದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ನಕ್ಷೆಯ ಮೇಲೆ ನೋಡಿದವರಿಗೆ ಎರಡು ದೊಡ್ಡ ಹೊಳೆಗಳಿರುವ ಈ ಸೀಮೆ ನೀರಿನಿಂದ ತುಂಬಿರಬೇಕು ಎನಿಸುತ್ತದೆ. ವಸ್ತುಸ್ಥಿತಿ ಹಾಗಿಲ್ಲ. ಹೊಳೆಗಳು ತಗ್ಗಿನಲ್ಲಿವೆ, ಹೊಲಗಳು ದಿನ್ನೆಯ ಮೇಲಿವೆ. ಇಲ್ಲಿಯ ಹಳ್ಳಗಳು ಹೊಲದ ನೀರನ್ನು ಹೊಳೆಗೆ ಒಯ್ಯುತ್ತವೆಯೇ ಹೊರತು ಹೊಳೆಯ ನೀರು ತಾನಾಗಿ ಹೊಲಕ್ಕೆ ಏರಿ ಬರುವುದಿಲ್ಲ. 2009 ಮತ್ತು 2019ರಲ್ಲಿ ಮಲಪ್ರಭೆ ಉಕ್ಕಿ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ದಂಡೆಯ ಹೊಲದಲ್ಲಿ ಮಹಾಪೂರ, ಒಳನಾಡಿನ ಹೊಲದಲ್ಲಿ ತೇವದ ಕೊರತೆ, ಈ ಎರಡೂ ಕಷ್ಟಗಳು ಒಂದೇ ತಾಲೂಕಿನಲ್ಲಿ ಕಾಣುತ್ತವೆ.

ಮೂರು ಬಗೆಯ ಕಲ್ಲು, ಮೂರು ಬಗೆಯ ಮಣ್ಣು

ಹಳೆಯ ಅವಿಭಜಿತ ಹುನಗುಂದ ತಾಲೂಕಿನಲ್ಲಿ ಪಶ್ಚಿಮದಿಂದ ಆಗ್ನೇಯಕ್ಕೆ ನಡೆದು ಹೋದರೆ ಮುಖ್ಯವಾಗಿ ಮೂರು ಜಾತಿಯ ಕಲ್ಲುಗಳು ಸಿಗುತ್ತವೆ. ಐಹೊಳೆಯ ಕಡೆಗೆ ಮರಳುಗಲ್ಲು. ಇದನ್ನು ಕಡಿಯುವುದು ಸುಲಭ, ಕಡಿದರೆ ನಯವಾಗಿ ಬರುತ್ತದೆ. ಚಾಲುಕ್ಯರ ಕಾಲದ ಶಿಲ್ಪಿಗಳಿಗೆ ಈ ಕಲ್ಲು ಒದಗಿದ್ದರಿಂದಲೇ ಐಹೊಳೆ, ಬಾದಾಮಿ, ಪಟ್ಟದಕಲ್ಲುಗಳಲ್ಲಿ ಅಷ್ಟೊಂದು ಗುಡಿಗಳು ಎದ್ದವು. ಐಹೊಳೆಯ ಮೇಗುತಿ ಗುಡಿಯಲ್ಲಿ ಇಮ್ಮಡಿ ಪುಲಕೇಶಿಯ ಕಾಲದ, ಕ್ರಿ.ಶ. 634ರ ರವಿಕೀರ್ತಿಯ ಶಾಸನವಿದೆ. ಶಿಲ್ಪಿಗೆ ವರವಾದ ಈ ಕಲ್ಲು ರೈತನಿಗೆ ಅಷ್ಟು ಅನುಕೂಲವಲ್ಲ. ಅದು ಸವೆದು ಆದ ಮಣ್ಣು ಉಸುಕಾಗಿದ್ದು ತೆಳುವಾಗಿರುತ್ತದೆ, ಬಹಳ ದಿನ ತೇವ ಹಿಡಿಯುವುದಿಲ್ಲ.

ತಾಲೂಕಿನ ನಡುವೆ ಕುಷ್ಟಗಿಯ ಕಡೆಯಿಂದ ಹುನಗುಂದದತ್ತ ಬಹು ಪುರಾತನವಾದ ಕಪ್ಪು ಪದರುಗಲ್ಲಿನ ಪಟ್ಟಿಯೊಂದು ಹಾಯ್ದು ಬಂದಿದೆ. ಭೂವಿಜ್ಞಾನಿಗಳು ಇದನ್ನು ಹುನಗುಂದ–ಕುಷ್ಟಗಿ ಪಟ್ಟಿಯೆಂದೇ ಕರೆಯುತ್ತಾರೆ. ಇಂಥ ಕಲ್ಲು ಸವೆದಲ್ಲಿ ಎರಿಮಣ್ಣು ಆಗುತ್ತದೆ. ತಗ್ಗಿನಲ್ಲಿ ಆಳವಾದ ಎರಿ, ಏರಿನಲ್ಲಿ ತೆಳುವಾದ ಮಡ್ಡಿ. ಮೂರನೆಯದು ಇಳಕಲ್ ಕಡೆಯ ಕೆಂಪು ಛಾಯೆಯ ಗ್ರಾನೈಟ್. ದೇಶ ವಿದೇಶಗಳ ಕಟ್ಟಡಗಳಿಗೆ ಈ ಕಲ್ಲು ಹೋಗಿದೆ. ಗ್ರಾನೈಟು ಸವೆದಲ್ಲಿ ಮಸಾರಿ ಮಣ್ಣು ಸಿಗುತ್ತದೆ. ಇದು ಬೇಗ ನೀರು ಕುಡಿಯುತ್ತದೆ, ಬೇಗ ಆರುತ್ತದೆ.

ಈ ವ್ಯತ್ಯಾಸವನ್ನು ಲೆಕ್ಕದಲ್ಲಿ ಹೇಳಬಹುದು. ಒಂದು ಅಡಿ ಆಳದ ಎರಿಮಣ್ಣು ಬೆಳೆಗೆ ದೊರೆಯುವ ಸುಮಾರು 50 ಮಿ.ಮೀ. ತೇವವನ್ನು ಹಿಡಿದಿಡಬಲ್ಲದು. ಮೂರು ಅಡಿಗೂ ಮಿಕ್ಕಿ ಆಳವಿದ್ದರೆ ಈ ಸಂಗ್ರಹ 150ರಿಂದ 200 ಮಿ.ಮೀ.ವರೆಗೆ ಹೋಗುತ್ತದೆ. ಮಳೆ ನಿಂತ ಮೇಲೆ ಬೆಳೆ ಬದುಕುವುದು ಈ ಸಂಗ್ರಹದ ಮೇಲೆಯೇ. ಮಸಾರಿಯಲ್ಲಿ ಇದರ ಅರ್ಧದಷ್ಟು ತೇವವೂ ನಿಲ್ಲುವುದು ಕಷ್ಟ. ಆದುದರಿಂದಲೇ ಎರಿಯಲ್ಲಿ ಹಿಂಗಾರಿ, ಮಸಾರಿಯಲ್ಲಿ ಮುಂಗಾರಿ ಎಂಬ ರೂಢಿ ಬೆಳೆದು ಬಂದಿದೆ.

ಮಳೆಯ ರೀತಿ

ಕೃಷಿ ಹವಾಮಾನದ ವಿಂಗಡಣೆಯಲ್ಲಿ ಹುನಗುಂದವು ಉತ್ತರದ ಒಣ ವಲಯಕ್ಕೆ ಸೇರಿದೆ. ಈ ವಲಯದಲ್ಲಿ ವರ್ಷಕ್ಕೆ ಬೀಳುವ ಮಳೆ ಸ್ಥಳದಿಂದ ಸ್ಥಳಕ್ಕೆ 464ರಿಂದ 786 ಮಿ.ಮೀ. ಪಶ್ಚಿಮ ಘಟ್ಟವನ್ನು ದಾಟಿ ಬರುವ ಮುಂಗಾರು ಮೋಡಗಳು ತಮ್ಮ ನೀರನ್ನು ಘಟ್ಟದ ಮೇಲೆಯೇ ಸುರಿಸಿ ಬರುತ್ತವೆ. ಹೀಗಾಗಿ ಜೂನ್, ಜುಲೈ ತಿಂಗಳುಗಳಲ್ಲಿ ಇಲ್ಲಿ ಗಾಳಿಯೇ ಹೆಚ್ಚು. ನಂಬುವಂಥ ಮಳೆ ಸೆಪ್ಟೆಂಬರದಲ್ಲಿ ಬರುತ್ತದೆ. ಹುಬ್ಬಿ, ಉತ್ತರಿ, ಹಸ್ತ ಮಳೆಗಳೆಂದರೆ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಹತ್ತರವರೆಗಿನ ಅವಧಿ. ಇಡೀ ವರ್ಷದ ರೊಟ್ಟಿ ಈ ನಲವತ್ತು ದಿನಗಳ ಮೇಲೆ ನಿಂತಿದೆ ಎಂದರೆ ಅತಿಶಯೋಕ್ತಿಯಾಗದು.

ಈ ಮಳೆ ಜಿಟಿಜಿಟಿಯಾಗಿ ಬರುವುದು ಕಡಿಮೆ. ಬಂದರೆ ಒಂದೆರಡು ತಾಸಿನಲ್ಲಿ ರಭಸದಿಂದ ಸುರಿಯುತ್ತದೆ. ಒಂದು ಎಕರೆಯ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರಾಯಿತು. 50 ಮಿ.ಮೀ. ಬಿದ್ದರೆ ಸುಮಾರು ಎರಡು ಲಕ್ಷ ಲೀಟರ್. ಅದರಲ್ಲಿ ಅರ್ಧ ಹರಿದುಹೋಯಿತೆಂದು ಇಟ್ಟುಕೊಂಡರೆ, ಐದು ಸಾವಿರ ಲೀಟರಿನ ಇಪ್ಪತ್ತು ಟ್ಯಾಂಕರ್ ನೀರನ್ನು ಒಂದೇ ಸಂಜೆಯಲ್ಲಿ ಒಂದು ಎಕರೆಯಿಂದ ಹಳ್ಳಕ್ಕೆ ಬಿಟ್ಟಂತಾಗುತ್ತದೆ. ನೀರು ಒಂಟಿಯಾಗಿ ಹೋಗುವುದಿಲ್ಲ, ಮಣ್ಣನ್ನೂ ಒಯ್ಯುತ್ತದೆ. ಒಂದು ಎಕರೆಯ ಮೇಲ್ಮಣ್ಣು ಒಂದು ಸೆಂಟಿಮೀಟರ್ ಕೊಚ್ಚಿಹೋದರೆ ಸುಮಾರು ಐವತ್ತು ಟನ್ ಮಣ್ಣು ಹೋಯಿತು. ಮಣ್ಣಿನ ಆಳ ಕಡಿಮೆಯಾದಷ್ಟೂ ತೇವದ ಸಂಗ್ರಹ ಕಡಿಮೆ ಎಂಬುದನ್ನು ಮೇಲಿನ ಲೆಕ್ಕದಿಂದ ತಿಳಿಯಬಹುದು.

ಊರುಗಳು ಬೆಳೆದ ಬಗೆ

ಇಂಥ ಭೂಮಿಯ ಮೇಲೆ ಊರುಗಳೂ ಅದಕ್ಕೆ ತಕ್ಕಂತೆಯೇ ಬೆಳೆದಿವೆ. ಬ್ರಿಟಿಷರ ಕಾಲದಲ್ಲಿ ಹುನಗುಂದವು ಮುಂಬಯಿ ಪ್ರಾಂತದಲ್ಲಿತ್ತು. 1864ರಲ್ಲಿ ಕಲಾದಗಿ ಜಿಲ್ಲೆಯಾಯಿತು. 1885ರಲ್ಲಿ ಜಿಲ್ಲಾ ಕಚೇರಿ ವಿಜಯಪುರಕ್ಕೆ ಹೋಯಿತು. 1956ರಲ್ಲಿ ಈ ಭಾಗ ಅಂದಿನ ಮೈಸೂರು ರಾಜ್ಯವನ್ನು ಸೇರಿತು. 1962ರಲ್ಲಿ ಹುನಗುಂದ ಮತಕ್ಷೇತ್ರದ ಎಸ್. ಆರ್. ಕಂಠಿಯವರು ಕೆಲವು ತಿಂಗಳು ರಾಜ್ಯದ ಮುಖ್ಯಮಂತ್ರಿಗಳಾಗಿದ್ದರು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾದಾಗ ಹುನಗುಂದ ಅದಕ್ಕೆ ಸೇರಿತು.

ತಾಲೂಕಿನ ಕಚೇರಿ ಹುನಗುಂದದಲ್ಲಿದ್ದರೂ ದೊಡ್ಡ ಊರು ಇಳಕಲ್. 2011ರ ಜನಗಣತಿಯ ಹೊತ್ತಿಗೆ ಹುನಗುಂದದಲ್ಲಿ ಸುಮಾರು ಇಪ್ಪತ್ತು ಸಾವಿರ, ಅಲ್ಲಿಂದ ಹನ್ನೆರಡು ಹದಿಮೂರು ಕಿ.ಮೀ. ದೂರದ ಇಳಕಲ್‌ನಲ್ಲಿ ಸುಮಾರು ಅರವತ್ತು ಸಾವಿರ ಜನರಿದ್ದರು. ಇದರ ಕಾರಣ ಸರಳವಾಗಿದೆ. ಹುನಗುಂದ ಕಚೇರಿಯ ಊರು, ಇಳಕಲ್ ಕಸುಬಿನ ಊರು. ಮಳೆಯನ್ನೇ ನಂಬಿದ ಸೀಮೆಯಲ್ಲಿ ಬರ ಬಂದಾಗಲೂ ಕೈಗೆ ಕೆಲಸ ಕೊಡುವ ಊರು ಬೆಳೆಯುತ್ತದೆ. ಇಳಕಲ್‌ನಲ್ಲಿ ಮಗ್ಗವಿತ್ತು, ಕಲ್ಲಿನ ಗಣಿಯಿತ್ತು. ಸೀರೆಯ ಒಡಲನ್ನೂ ಕೆಂಪು ರೇಷ್ಮೆಯ ಸೆರಗನ್ನೂ ಕೊಂಡಿ ಹಾಕಿ ಕೂಡಿಸುವ ಇಲ್ಲಿಯ ನೇಯ್ಗೆಗೆ 2007ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. 2018ರಲ್ಲಿ ಇಳಕಲ್ ತಾನೇ ಒಂದು ತಾಲೂಕಾಯಿತು.

ಅಮೀನಗಡದ ಕಥೆಯೂ ಇಂಥದೇ. ಮಡ್ಡಿ ನೆಲದಲ್ಲಿ ಬೆಳೆಗಿಂತ ಹುಲ್ಲು ನಂಬಿಕೆಯದು. ಹುಲ್ಲಿದ್ದಲ್ಲಿ ಕುರಿ ಇರುತ್ತದೆ. ಅಮೀನಗಡದ ಕುರಿ ಸಂತೆಗೆ ದೂರದ ಜಿಲ್ಲೆಗಳ ವ್ಯಾಪಾರಿಗಳೂ ಬರುತ್ತಾರೆ. ಕರದಂಟಿನಿಂದಲೂ ಆ ಊರು ಹೆಸರಾಗಿದೆ. ಇನ್ನೂ ಹಿಂದೆ ಹೋದರೆ, ಅಯ್ಯಾವೊಳೆಯ ಐನೂರ್ವರು ಎಂದು ದಕ್ಷಿಣ ಭಾರತದ ಶಾಸನಗಳಲ್ಲೆಲ್ಲ ಕೇಳಿಬರುವ ವರ್ತಕರ ಸಂಘವು ಇದೇ ಐಹೊಳೆಯ ಹೆಸರನ್ನು ಹೊತ್ತಿತ್ತು. ಈ ಸೀಮೆಯ ಜನ ಹೊಲದ ಜತೆಗೆ ಎರಡನೆಯದೊಂದು ದುಡಿಮೆಯನ್ನು ಬಹು ಕಾಲದಿಂದ ಇಟ್ಟುಕೊಂಡು ಬಂದಿದ್ದಾರೆ. ಇಂದಿನ ಒಣಬೇಸಾಯದ ರೈತನೂ ಹೊಲದ ಜತೆಗೆ ಕುರಿ, ಎಮ್ಮೆ, ಬದುವಿನ ಗಿಡಮರ ಇವುಗಳಲ್ಲಿ ಒಂದನ್ನಾದರೂ ಇಟ್ಟುಕೊಳ್ಳುವುದು ಕ್ಷೇಮ.

ತಾಲೂಕು ಎರಡಾದುದರಿಂದ ಪಹಣಿ, ವಿಮೆ, ಸಹಾಯಧನಗಳ ಕಚೇರಿ ಬದಲಾಗಿರಬಹುದು. ಆದರೆ ಹಳ್ಳದ ಜಲಾನಯನ ಬದಲಾಗಿಲ್ಲ. ಮೇಲಿನ ಊರು ಒಂದು ತಾಲೂಕಿನಲ್ಲಿ, ಕೆಳಗಿನ ಊರು ಇನ್ನೊಂದರಲ್ಲಿ ಇದ್ದರೂ ಮೇಲಿನ ಒಡ್ಡು ಒಡೆದರೆ ಕೆಳಗಿನ ಹೊಲ ಕೊರೆಯುವುದು ತಪ್ಪುವುದಿಲ್ಲ. ಎರಡೂ ಕಡೆಯ ಕೃಷಿ ಅಧಿಕಾರಿಗಳು ಈ ಮಾತನ್ನು ಗಮನದಲ್ಲಿಟ್ಟು ಕೂಡಿ ಯೋಜನೆ ಹಾಕಬೇಕು.

ಒಡ್ಡಿನ ವಿದ್ಯೆ

ಬರವನ್ನು ಎದುರಿಸಲು ಈ ಭಾಗದಲ್ಲಿ ಎರಡು ಬಗೆಯ ಪ್ರಯತ್ನಗಳು ನಡೆದವು. ಒಂದು ಸರ್ಕಾರದ್ದು. 1876–78ರ ಭೀಕರ ಬರದಲ್ಲಿ ಕಲಾದಗಿ ಜಿಲ್ಲೆ ತೀವ್ರವಾಗಿ ನೊಂದಿತ್ತು. 1933ರ ಸುಮಾರಿಗೆ ಸೊಲ್ಲಾಪುರ, ವಿಜಯಪುರ ಮೊದಲಾದ ಕಡೆ ಒಣಬೇಸಾಯ ಸಂಶೋಧನಾ ಕೇಂದ್ರಗಳು ಆರಂಭವಾದವು. 1942ರಲ್ಲಿ ಮುಂಬಯಿ ಸರ್ಕಾರ ಭೂಸುಧಾರಣೆಯ ಕಾಯಿದೆ ಮಾಡಿತು. ಬರ ಪರಿಹಾರದ ಕಾಮಗಾರಿಗಳಲ್ಲಿ ಸಮಪಾತಳಿ ಒಡ್ಡುಗಳನ್ನು ಹಾಕಿಸಲಾಯಿತು. ಮಸಾರಿ ಮತ್ತು ತೆಳು ಮಣ್ಣಿನಲ್ಲಿ ಇವು ಚೆನ್ನಾಗಿ ನಿಂತವು. ಆಳವಾದ ಎರಿಯಲ್ಲಿ ತೊಂದರೆ ಕೊಟ್ಟವು. ಎರಿಮಣ್ಣು ಒಣಗಿದಾಗ ಬಿರಿಯುತ್ತದೆ, ನೆನೆದಾಗ ನೀರನ್ನು ನಿಧಾನವಾಗಿ ಇಂಗಿಸುತ್ತದೆ. ಹೊರದಾರಿಯಿಲ್ಲದ ಒಡ್ಡಿನ ಹಿಂದೆ ನೀರು ನಿಂತು ಬೆಳೆ ಹಳದಿಯಾಗುವುದು, ಬಿರುಕಿನಲ್ಲಿ ನೀರು ನುಗ್ಗಿ ಒಡ್ಡು ಒಡೆಯುವುದು ಕಂಡುಬಂದಿತು. ಆದುದರಿಂದ ಆಳವಾದ ಎರಿಗೆ ಅಲ್ಪ ಇಳಿಜಾರು ಕೊಟ್ಟು ಹೆಚ್ಚಿನ ನೀರನ್ನು ಹೊರಹಾಕುವ ಒಡ್ಡುಗಳೇ ಸೂಕ್ತವೆಂದು ಈಗ ಶಿಫಾರಸು ಮಾಡಲಾಗುತ್ತದೆ.

ಎರಡನೆಯದು ರೈತರದೇ ವಿದ್ಯೆ. ಹುನಗುಂದದ ಹಿರಿಯ ಒಕ್ಕಲುತನದ ಮನೆಗಳಲ್ಲಿ ಹಲವು ತಲೆಮಾರುಗಳಿಂದ ಇದು ನಡೆದುಬಂದಿದೆ. ಇಳಿಜಾರಿಗೆ ಅಡ್ಡವಾಗಿ ಗಟ್ಟಿಯಾದ ಒಡ್ಡು ಹಾಕಿ, ತಕ್ಕ ಸ್ಥಳದಲ್ಲಿ ಕಲ್ಲಿನ ಕೋಡಿ ಕಟ್ಟುತ್ತಾರೆ. ಇದಕ್ಕೆ ಗುಂಡಾವರ್ತಿ ಎಂದೂ ಹೇಳುವುದುಂಟು. ಒಡ್ಡುಗಳ ನಡುವಿನ ನೆಲವನ್ನು ವರ್ಷ ವರ್ಷ ಸ್ವಲ್ಪ ಸ್ವಲ್ಪವೇ ಸಮ ಮಾಡುತ್ತ ಹೋಗುತ್ತಾರೆ. ಮೇಲಿನ ಪಟ್ಟಿಯ ನೀರು ಅಲ್ಲಿ ಇಂಗುವಷ್ಟು ಇಂಗಿ, ಉಳಿದದ್ದು ಮಾತ್ರ ಕೋಡಿಯ ಮೇಲೆ ಹಾಯ್ದು ಕೆಳಗಿನ ಪಟ್ಟಿಗೆ ಇಳಿಯುತ್ತದೆ. ಮಣ್ಣು ಹಿಂದೆಯೇ ನಿಲ್ಲುತ್ತದೆ. ಹೀಗೆ ಸಾಕಿದ ಹೊಲದಲ್ಲಿ ಮಣ್ಣಿನ ಆಳ ಹೆಚ್ಚುತ್ತದೆ. ಮಳೆ ಕೈಕೊಟ್ಟ ವರ್ಷವೂ ಅಷ್ಟೋ ಇಷ್ಟೋ ಜೋಳ, ಕಣಿಕೆ ಕೈಗೆ ಬರುತ್ತದೆ. ಸಂಶೋಧನೆ ತಿಳಿಸಿದುದೂ ಈ ರೈತರು ಮಾಡಿದುದೂ ಒಂದೇ: ನೀರನ್ನು ನಿಲ್ಲಿಸಬೇಕು, ಆದರೆ ಹೆಚ್ಚಾದುದಕ್ಕೆ ದಾರಿಯನ್ನೂ ಕೊಡಬೇಕು.

ಈ ವಿದ್ಯೆ ಈಗ ಸೊರಗುತ್ತಿರುವುದು ಚಿಂತೆಯ ವಿಷಯ. ಹೊಲಗಳು ಹಿಸ್ಸೆಯಾಗಿ ಸಣ್ಣವಾಗಿವೆ. ಹಿಸ್ಸೆಯಾಗುವಾಗ ಇಳಿಜಾರಿಗೆ ಅಡ್ಡಲಾಗಿ ಹಂಚದೆ ಉದ್ದಕ್ಕೆ ಸೀಳಿದರೆ ಪ್ರತಿಯೊಬ್ಬರ ಪಾಲಿನಲ್ಲೂ ಒಡ್ಡು ತುಂಡಾಗುತ್ತದೆ. ಕೋಡಿಯ ಕಲ್ಲು ಜಾರಿದಾಗ ಅದು ಯಾರ ಪಾಲಿನದೆಂಬ ವಾದದಲ್ಲಿಯೇ ಒಂದು ಮಳೆಗಾಲ ಕಳೆದುಹೋಗುತ್ತದೆ. ಬಾಡಿಗೆಯ ಟ್ರ್ಯಾಕ್ಟರು ತಿರುಗಲು ತೊಡಕಾಗುತ್ತದೆಂದು ಒಡ್ಡು ಕಿತ್ತವರೂ ಇದ್ದಾರೆ. ಒಂದು ತಲೆಮಾರು ಕೂಡಿಸಿದ ಮಣ್ಣು ಹೋಗಲು ಎರಡು ಮೂರು ದೊಡ್ಡ ಮಳೆ ಸಾಕು.

ಹೊಳೆಯ ನೀರು ಹೊಲಕ್ಕೆ ಬಂದಾಗ

ಕೃಷ್ಣೆಗೆ ಆಲಮಟ್ಟಿ ಮತ್ತು ನಾರಾಯಣಪುರಗಳಲ್ಲಿ ಅಣೆಕಟ್ಟುಗಳಾದವು. ನಾರಾಯಣಪುರ ಜಲಾಶಯದ ಹಿನ್ನೀರು ಕೂಡಲಸಂಗಮದವರೆಗೂ ಬಂದಿದೆ. ಈ ಹಿನ್ನೀರನ್ನು ಎತ್ತಿ ಒಳನಾಡಿನ ಹೊಲಗಳಿಗೆ ಕೊಡುವ ರಾಮಥಾಳ (ಮರೋಳ) ಏತ ನೀರಾವರಿಯಲ್ಲಿ ಸುಮಾರು 24,000 ಹೆಕ್ಟೇರಿಗೆ ಹನಿ ನೀರಾವರಿಯ ಜಾಲ ಹಾಕಲಾಯಿತು. ಹರಿನೀರು ಬಿಡದೆ ಹನಿಯನ್ನೇ ಆರಿಸಿದ್ದಕ್ಕೆ ತಕ್ಕ ಕಾರಣವಿದೆ. ಎರಿಮಣ್ಣಿಗೆ ಕಾಲುವೆಯ ನೀರು ಮಿತಿಮೀರಿ ಬಿದ್ದರೆ ಅಂತರ್ಜಲ ಮೇಲೇರಿ, ನೀರು ಆವಿಯಾಗಿ ಉಪ್ಪು ಮೇಲೆ ಉಳಿಯುತ್ತದೆ. ಮಲಪ್ರಭಾ, ಘಟಪ್ರಭಾ ಮತ್ತು ತುಂಗಭದ್ರಾ ಅಚ್ಚುಕಟ್ಟುಗಳಲ್ಲಿ ಹೀಗೆ ಸವುಳಾದ ಹೊಲಗಳನ್ನು ಬೇಕಾದಷ್ಟು ಕಾಣಬಹುದು. ಹನಿಯ ವಿಧಾನದಲ್ಲಿ ಈ ಅಪಾಯ ಕಡಿಮೆ, ಅದೇ ನೀರಿನಲ್ಲಿ ಹೆಚ್ಚು ಕ್ಷೇತ್ರ ನೆನೆಯುತ್ತದೆ.

ಆದರೂ ಅನೇಕ ಹೊಲಗಳಲ್ಲಿ ಕೊಳವೆಗಳು ಉಪಯೋಗವಾಗದೆ ಉಳಿದವು. ಒಣಬೇಸಾಯದ ಕೆಲಸಕ್ಕೂ ಹನಿಗೂ ಇರುವ ತೊಡಕನ್ನು ಇಲ್ಲಿ ಅರ್ಥ ಮಾಡಿಕೊಳ್ಳಬೇಕು. ಎರಿ ಹೊಲವನ್ನು ಹರಗಬೇಕು, ಎಡೆ ಹೊಡೆಯಬೇಕು. ನೆಲದ ಮೇಲಿನ ಕೊಳವೆ ಕುಂಟೆಗೂ ಟ್ರ್ಯಾಕ್ಟರಿಗೂ ಅಡ್ಡಬರುತ್ತದೆ. ನೀರಿಲ್ಲದ ದಿನಗಳಲ್ಲಿ ಇಲಿ, ಅಳಿಲುಗಳು ಕಡಿಯುತ್ತವೆ. ಒಂದು ತೂಬಿನ ಕೆಳಗಿನ ರೈತರೆಲ್ಲ ಒಟ್ಟಾಗಿ ನಡೆಯದಿದ್ದರೆ ಕೊನೆಯವನಿಗೆ ಒತ್ತಡ ಸಿಗುವುದಿಲ್ಲ. ಜೋಳ, ಕಡಲೆಯನ್ನೇ ಬಿತ್ತುವವನಿಗೆ ಹನಿಯ ಆರೈಕೆಯ ದುಡಿಮೆ ಹೊರೆಯೆನಿಸುತ್ತದೆ. ತರಕಾರಿ, ಮೆಣಸಿನಕಾಯಿ, ಹಣ್ಣಿನ ಗಿಡ ಬೆಳೆಯುವವನಿಗೆ ಅದೇ ದುಡಿಮೆ ಫಲ ಕೊಡುತ್ತದೆ. ಉಪಕರಣ ಕೊಟ್ಟ ಮಾತ್ರಕ್ಕೆ ನೀರಾವರಿಯಾಗುವುದಿಲ್ಲ, ಅದಕ್ಕೆ ಹೊಂದುವ ಬೆಳೆ ಪದ್ಧತಿಯೂ ಬೇಕು. ವಿಸ್ತರಣಾ ಕಾರ್ಯಕರ್ತರು ಮಾಡಬೇಕಾದ ಮುಖ್ಯ ಕೆಲಸ ಇಲ್ಲಿಯೇ ಇದೆ.

ಇನ್ನು, ಯೋಜನೆಯ ನೀರು ಎಷ್ಟೇ ಬಂದರೂ ಎಲ್ಲರ ಹೊಲಕ್ಕೂ ಬರುವಂತಿಲ್ಲ. ನೀರು ಬರುತ್ತದೆಂದು ಕಾಯುತ್ತ ಒಡ್ಡನ್ನು ಮರೆತವನಿಗೆ ಎರಡೂ ಇಲ್ಲದಂತಾಗುತ್ತದೆ.

ರೈತರು ಅನುಸರಿಸಬೇಕಾದ ಕ್ರಮಗಳು

1. ಬೇಸಿಗೆಯಲ್ಲಿಯೇ ಒಡ್ಡು ಮತ್ತು ಕೋಡಿಗಳನ್ನು ಪರೀಕ್ಷಿಸಿ ದುರಸ್ತಿ ಮಾಡಿರಿ. ಕೋಡಿಯ ತಲೆಯು ಒಡ್ಡಿನ ತಲೆಗಿಂತ ತಗ್ಗಿನಲ್ಲಿರಬೇಕು. ನೀರು ಧುಮುಕುವಲ್ಲಿ ಕಲ್ಲು ಹಾಸಿರಿ.

2. ಆಸ್ತಿ ಹಂಚಿಕೊಳ್ಳುವಾಗ ಆದಷ್ಟೂ ಇಳಿಜಾರಿಗೆ ಅಡ್ಡವಾಗಿ, ಒಡ್ಡನ್ನೇ ಗಡಿಯಾಗಿ ಇಟ್ಟುಕೊಳ್ಳಿರಿ. ಕೋಡಿಯ ದುರಸ್ತಿ ಮೇಲಿನವನಿಗೂ ಕೆಳಗಿನವನಿಗೂ ಸೇರಿದ್ದೆಂದು ಮೊದಲೇ ಮಾತಾಡಿಕೊಳ್ಳಿರಿ.

3. ಹಿಂಗಾರಿಗೆ ಬಿಟ್ಟ ಎರಿ ಹೊಲದಲ್ಲಿ ಜುಲೈ ಹೊತ್ತಿಗೆ ಚೌಕುಮಡಿ ಮಾಡಿರಿ. ಇಳಿಜಾರು ಹೆಚ್ಚಿದ್ದಲ್ಲಿ ಹತ್ತು ಅಡಿಗೆ, ಕಡಿಮೆಯಿದ್ದಲ್ಲಿ ಹದಿನೈದು ಅಡಿಗೆ ಒಂದರಂತೆ ಮಡಿಗಳಿರಲಿ. ಸೆಪ್ಟೆಂಬರದ ಮಳೆ ಬಿದ್ದಲ್ಲಿಯೇ ಇಂಗುತ್ತದೆ.

4. ಹಿಂಗಾರಿ ಜೋಳವನ್ನು ಸೆಪ್ಟೆಂಬರ್ ಎರಡನೆಯ ಪಕ್ಷದಿಂದ ಅಕ್ಟೋಬರ್ ಮೊದಲ ಪಕ್ಷದೊಳಗೆ ಬಿತ್ತಿ ಮುಗಿಸಿರಿ. ಎಕರೆಗೆ 3 ಕಿ.ಗ್ರಾಂ. ಬೀಜ ಸಾಕು. ಆಳವಾದ ಎರಿಗೆ ಎಂ 35–1 ಅಥವಾ ವಿಜಯಪುರ ಕೇಂದ್ರದ ಬಿಜೆವಿ 44 ತಳಿಗಳನ್ನು ಆರಿಸಿಕೊಳ್ಳಬಹುದು.

5. ಬೀಜವನ್ನು ಬರಕ್ಕೆ ಒಗ್ಗಿಸಿರಿ. ಒಂದು ಲೀಟರ್ ನೀರಿಗೆ 20 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ, ಒಂದು ಕಿ.ಗ್ರಾಂ. ಬೀಜವನ್ನು 8 ತಾಸು ನೆನೆಯಿಟ್ಟು, ನೆರಳಿನಲ್ಲಿ ಆರಿಸಿ ಬಿತ್ತಿರಿ.

6. ಬಿತ್ತಿದ 3, 5 ಮತ್ತು 8ನೆಯ ವಾರಗಳಲ್ಲಿ ಎಡೆ ಹೊಡೆಯಿರಿ. ಇದರಿಂದ ಕಸ ಹೋಗುವುದಲ್ಲದೆ ಬಿರುಕುಗಳು ಮುಚ್ಚಿ ತೇವ ಉಳಿಯುತ್ತದೆ.

7. ಇಡೀ ಹೊಲಕ್ಕೆ ಒಂದೇ ಬೆಳೆ ಬೇಡ. ಜೋಳದ ಜತೆ ಕಡಲೆ, ಕುಸುಬೆಗಳಿಗೂ ಸ್ಥಳ ಕೊಡಿರಿ. ಕುಸುಬೆಯ ಬೇರು ಆಳಕ್ಕೆ ಹೋಗಿ ಕೆಳಗಿನ ತೇವವನ್ನು ಬಳಸಿಕೊಳ್ಳುತ್ತದೆ.

8. ಬೇಸಿಗೆಯಲ್ಲಿ ಹೊಲದಲ್ಲಿ ಕುರಿ ನಿಲ್ಲಿಸಿರಿ. ಗೊಬ್ಬರ ಸೇರಿದ ಮಣ್ಣು ತೇವವನ್ನೂ ಹೆಚ್ಚು ಹಿಡಿಯುತ್ತದೆ.

9. ಹನಿ ನೀರಾವರಿ ಇರುವವರು ಹರಗುವ ಮೊದಲು ಕೊಳವೆಗಳನ್ನು ಸುತ್ತಿ ಎತ್ತಿಡಿರಿ. ಆಗಾಗ ಕೊನೆಯ ಮುಚ್ಚಳ ತೆಗೆದು ಕೆಸರನ್ನು ಹೊರಬಿಡಿರಿ. ಸೋಸುಕವನ್ನು ತಪ್ಪದೆ ತೊಳೆಯಿರಿ.

ನಿಮ್ಮ ಊರಿನ ನಕ್ಷೆ

ವಿಸ್ತರಣಾ ಕಾರ್ಯಕರ್ತರಿಗೆ ಒಂದು ಸೂಚನೆ. ಊರಿನ ಹಿರಿಯರನ್ನೂ ಯುವಕರನ್ನೂ ಕೂಡಿಸಿ ಅರ್ಧ ದಿನದಲ್ಲಿ ಊರಿನ ನಕ್ಷೆಯನ್ನು ಬರೆಯಿಸಬಹುದು. ಮೊದಲು ಹಳ್ಳಗಳನ್ನು ಎಳೆಯಿರಿ. ಆಮೇಲೆ ಎರಿ, ಮಸಾರಿ, ಮಡ್ಡಿಗಳನ್ನು ಬೇರೆ ಬೇರೆ ಬಣ್ಣದಲ್ಲಿ ತುಂಬಿರಿ. ಮೂರನೆಯದಾಗಿ ಒಡ್ಡು ಮತ್ತು ಕೋಡಿಗಳನ್ನು, ಅವುಗಳಲ್ಲಿ ಒಡೆದವು ಯಾವುವೆಂಬುದನ್ನೂ ಗುರುತಿಸಿರಿ. ಕೊನೆಗೆ ಯಾವ ಹೊಲದ ನೀರು ಯಾರ ಹೊಲಕ್ಕೆ ಇಳಿಯುತ್ತದೆಂಬುದನ್ನು ಬಾಣದ ಗುರುತಿನಿಂದ ತೋರಿಸಿರಿ. ಒಡೆದ ಕೋಡಿಗಳನ್ನು ಮೇಲಿನಿಂದ ಕೆಳಕ್ಕೆ ಕ್ರಮವಾಗಿ ಕಟ್ಟುತ್ತ ಬರಬೇಕು. ಮೇಲಿನದನ್ನು ಬಿಟ್ಟು ಕೆಳಗಿನದನ್ನು ಮೊದಲು ಕಟ್ಟಿದರೆ ಅದು ನಿಲ್ಲುವುದಿಲ್ಲ. ಉದ್ಯೋಗ ಖಾತರಿಯಲ್ಲಾಗಲಿ ಜಲಾನಯನ ಯೋಜನೆಯಲ್ಲಾಗಲಿ ಕೆಲಸ ಕೇಳುವಾಗ ಈ ನಕ್ಷೆ ಕೈಯಲ್ಲಿದ್ದರೆ ಹಣ ಸರಿಯಾದ ಸ್ಥಳದಲ್ಲಿ ವೆಚ್ಚವಾಗುತ್ತದೆ.

ಕೃಷ್ಣೆ, ಮಲಪ್ರಭೆಗಳ ನೀರು ಹಂಚುವುದು ಸರ್ಕಾರದ ಕೈಯಲ್ಲಿದೆ. ಹಸ್ತ ಮಳೆಯ ನೀರು ಮಾತ್ರ ನೇರವಾಗಿ ರೈತನ ಹೊಲಕ್ಕೇ ಬೀಳುತ್ತದೆ. ಅದನ್ನು ಹಿಡಿಯುವ ಒಡ್ಡನ್ನು ಬರುವ ಮಳೆಗಾಲಕ್ಕೆ ಮೊದಲೇ ಒಮ್ಮೆ ನಡೆದು ನೋಡಿ, ಜಾರಿದ ಕಲ್ಲನ್ನು ಅದರ ಜಾಗದಲ್ಲಿ ಇಡುವ ಕೆಲಸವನ್ನು ರೈತ ಬಾಂಧವರು ಈ ಬೇಸಿಗೆಯಲ್ಲಿಯೇ ಮಾಡಿ ಮುಗಿಸಬೇಕು.